ಖಾಲಿ ಬಿದ್ದ ಎರಡು ಸಾಲು

ನಂಬಿ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಕಡೂರಿನಲ್ಲಿ ನಾನೂ ನನ್ನ ಹೆಂಡತಿ ಪಂಕಜಾಕ್ಷಿಯೂ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆವು. ನಮ್ಮ ಮೊಟ್ಟಮೊದಲ ಕಂಪ್ಯೂಟರನ್ನು ಮಾರಲು ಅವಳು ಬಿಡಲೇ ಇಲ್ಲ. ಆನ್ ಮಾಡಿದರೆ ಅದು ತನ್ನ ಮೆಮೊರಿಯನ್ನು ಪರದೆಯ ಮೇಲೆ ಎಣಿಸುತ್ತಿತ್ತು. ಅವಳೂ ಜೊತೆಗೆ ಎಣಿಸುತ್ತಾ, ಐನೂರ ಹನ್ನೆರಡಕ್ಕೆ ನಿಂತಾಗ ಉಸಿರು ಬಿಡುತ್ತಿದ್ದಳು.

"ಒಳಗೆ ಮೆಮೊರಿ ಚಿಪ್ ಕೂರೋ ಎರಡು ಸಾಲು ಖಾಲಿ ಬಿದ್ದವೆ ಕಣ್ರೀ. ಚಿಪ್ ತಂದು ಹಾಕ್ರೀ, ಆರುನೂರ ನಲವತ್ತಾಗ್ಲಿ."

"ನಾಳೆ ಹಾಕ್ತೀನಿ ಕಣೇ" ಅನ್ನುತ್ತಲೇ ಮೂವತ್ತು ವರ್ಷ ಕಳೆದೆ.

ಆಷಾಢದಲ್ಲಿ ಅವಳು ತೀರಿಕೊಂಡಳು. ಪ್ರತಿ ಆಯುಧಪೂಜೆಗೂ ಆ ಕಂಪ್ಯೂಟರಿನ ಮುಚ್ಚಳಕ್ಕೆ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಿದ್ದವಳು ಅವಳೇ. ಸಾವಾದ ವರ್ಷವೆಂದು ಈ ಸಲ ನಾನು ಹಬ್ಬ ಮಾಡಲಿಲ್ಲ. ಹಬ್ಬದ ಮಧ್ಯಾಹ್ನ ಸುಮ್ಮನೆ ಕೂರಲಾಗದೆ ಮುಚ್ಚಳ ಒರೆಸಿ ಪಕ್ಕಕ್ಕಿಟ್ಟು, ಹುಡುಕಿ ತರಿಸಿದ್ದ ಹದಿನೆಂಟು ಹಳೆಯ ಚಿಪ್‌ಗಳನ್ನು ಸಾಲಿಗೆ ಒಂಬತ್ತರಂತೆ ಒಂದೊಂದಾಗಿ ಹೆಬ್ಬೆರಳಲ್ಲಿ ಒತ್ತಿ ಕೂರಿಸಿದೆ. ಆನ್ ಮಾಡಿದರೆ ಎಣಿಕೆ ಐನೂರ ಹನ್ನೆರಡಕ್ಕೇ ನಿಂತಿತು. ಮೂರು ಸಲ ತೆಗೆದು ಹಾಕಿದರೂ ಅಷ್ಟೇ.

"ತಡ ಮಾಡ್ಬಿಟ್ಟೆ ಕಣೇ" ಎಂದು ಅತ್ತುಬಿಟ್ಟೆ. ಹದಿನೆಂಟನ್ನೂ ಕಿತ್ತು ಅಂಗೈಯಲ್ಲಿ ಹಿಡಿದು, ಕೊನೆಯ ಸಲವೆಂದು ಆನ್ ಮಾಡಿದೆ.

ಎಣಿಕೆ ಐನೂರ ಹನ್ನೆರಡಕ್ಕೆ ನಿಂತಿತು, ಉಸಿರು ಬಿಡುವಷ್ಟು ಹೊತ್ತು. ಆಮೇಲೆ ಮುಂದೆ ನಡೆದು ಆರುನೂರ ನಲವತ್ತು ಮುಟ್ಟಿತು. ಎರಡೂ ಸಾಲು ಖಾಲಿಯೇ ಇದ್ದವು. ಅಂಗೈಯಲ್ಲಿದ್ದ ಚಿಪ್‌ಗಳು ಜ್ವರ ಬಂದ ಹಣೆಯಂತೆ ಸುಡುತ್ತಿದ್ದವು.

ಮುಚ್ಚಲೆಂದು ಮುಚ್ಚಳ ಎತ್ತಿಕೊಂಡೆ. ಅದರ ಮೇಲೆ ವಿಭೂತಿಯ ಮೂರು ಗೆರೆ, ಇನ್ನೂ ಒದ್ದೆಯಾಗಿಯೇ ಇದ್ದವು.