ನಲವತ್ತೊಂದು ಮೆಟ್ಟಿಲು

ನನ್ನ ಬರಹ ಓದಿದರೆ ಮೀನುಗಳೂ ರಜೆ ಹಾಕಿ ಬೇರೆ ಹೊಳೆಗೆ ಹೊರಡುತ್ತವೆ. ನಂಬಿ. ವಾರಪತ್ರಿಕೆಯಲ್ಲಿ ‘ಬೇಸಿಗೆಗೊಂದು ದಡ’ ಎಂಬ ನನ್ನ ಅಂಕಣ ಬಂದ ದಿನ ಅರ್ಧ ಊರು ಟವೆಲ್ ಹೆಗಲಿಗೇರಿಸಿ ಹೊರಡುತ್ತಿತ್ತು, ಇನ್ನರ್ಧ ಊರು ಟವೆಲ್ ಹುಡುಕುತ್ತಿತ್ತು. ಯಾವ ಕೆರೆಯ ದಡ ಚೆಂದ, ಯಾವ ಹೊಳೆಯ ಮರಳು ಮೆತ್ತಗೆ, ಎಲ್ಲಕ್ಕೂ ಅಂಕ ಕೊಡುವವನು ನಾನೇ.

ಒಂದೇ ಒಂದು ಸಣ್ಣ ಕೊರತೆ. ಆ ದಡಗಳಲ್ಲಿ ಒಂದನ್ನೂ ನಾನು ನೋಡಿರಲಿಲ್ಲ. ಆಫೀಸಿನ ಫ್ಯಾನಿನ ಕೆಳಗೆ ಹಳೆಯ ಫೋಟೋಗಳನ್ನು ಹರಡಿಕೊಂಡು ಬರೆಯುತ್ತಿದ್ದೆ. ನನಗೆ ಪರಿಚಯವಿದ್ದ ಅತಿ ಆಳವಾದ ನೀರೆಂದರೆ ಬಚ್ಚಲುಮನೆಯ ಬಕೆಟ್.

ಕನ್ನಡಕದ ಕಾಲು ಮುರಿದ ದಿನ ಅವಳು ಸಿಕ್ಕಳು. ಕನ್ನಡಕದಂಗಡಿಯಲ್ಲಿ ಫ್ರೇಮ್ ಸರಿಮಾಡುವುದು ಅವಳ ಕೆಲಸ. ಪುಟ್ಟ ಸ್ಕ್ರೂ ಡ್ರೈವರ್ ತುಟಿಯ ನಡುವೆ ಕಚ್ಚಿಕೊಂಡು ನನ್ನ ಕಿವಿಯ ಹಿಂದೆ ಬೆರಳಿಟ್ಟಳು. ನನ್ನ ಎದೆ ಬಡಿದ ಸದ್ದಿಗೆ ಷೋಕೇಸಿನ ಕನ್ನಡಕಗಳೆಲ್ಲ ಗಲಗಲ ಅಂದವು.

“ಅಲ್ಲಾಡ್ಬೇಡಿ,” ಎಂದಳು. ಆಮೇಲೆ ಕನ್ನಡಕದ ಚೀಟಿಯಲ್ಲಿ ನನ್ನ ಹೆಸರು ನೋಡಿ ಹುಬ್ಬೇರಿಸಿದಳು. “ಅಯ್ಯೋ, ಆ ದಡದ ಅಂಕಣ ಬರೆಯೋರು ನೀವೇನಾ? ಹೊಳೆ ತಿರುವಲ್ಲಿ ಮೂರು ಸಲ ಆಚೆ ದಡ ಮುಟ್ಟಿ ಬಂದೆ ಅಂತ ಬರ್ದಿದ್ರಲ್ಲಾ?”

“ನಾಲ್ಕು. ಪತ್ರಿಕೆಯಲ್ಲಿ ಜಾಗ ಇರ್ಲಿಲ್ಲ.”

“ಮೈನಸ್ ಐದು ಪವರ್ ನಿಮ್ದು. ಕನ್ನಡಕ ಬಿಚ್ಚಿದ್ರೆ ಆಚೆ ದಡ ಕಾಣುತ್ತಾ?”

“ನಾನು ದಡ ನೋಡಲ್ಲ ಮೇಡಂ, ಮುಟ್ತೀನಿ.”

ಅವಳು ನಕ್ಕಳು. ನಗು ನಿಂತ ಮೇಲೆ ದನಿ ತಗ್ಗಿಸಿದಳು. “ಅಪ್ಪ ಮೂವತ್ತು ವರ್ಷ ದೋಣಿ ನಡೆಸ್ದೋರು. ಈಗ ಮಂಡಿ ಹೋಗಿದೆ. ಈ ಬೇಸಿಗೆಲಿ ಒಂದ್ಸಲ ನೀರಲ್ಲಿ ಕಾಲು ಇಳಿಬಿಟ್ಟು ಕೂರ್ಬೇಕು ಅಂತಾರೆ. ಅಷ್ಟೇ ಆಸೆ. ಮೆಟ್ಟಿಲು ಇಳಿಯೋಕಾಗಲ್ಲ. ಎಲ್ಲಿಗೆ ಕರ್ಕೊಂಡು ಹೋಗ್ಲಿ?”

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಆದರೆ ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. “ಹೊಳೆ ತಿರುವೇ,” ಎಂದೆ. “ಕಾರಿನಿಂದ ನೀರಿಗೆ ಜಮಖಾನ ಹಾಸಿದ ಹಾಗಿದೆ. ನಾನೂ ಬರ್ತೀನಿ.”

ಭಾನುವಾರ ಕಾರು ನಿಂತಿತು. ಎದುರಿಗೆ ಮೆಟ್ಟಿಲು. ಕೆಳಗೆ, ಪಾತಾಳದ ಪಕ್ಕದಲ್ಲಿ, ಹೊಳೆ. ನಾನು ನೋಡಿ ಬರೆದ ಫೋಟೋವನ್ನು ಯಾರೋ ಕೆಳಗಿನ ಮರಳಲ್ಲಿ ನಿಂತು, ನೀರಷ್ಟೇ ಕಾಣುವಂತೆ ತೆಗೆದಿದ್ದರು. ಅದರಲ್ಲಿ ಒಂದು ಮೆಟ್ಟಿಲಾದರೂ ಕಾಣಬೇಡವೇ!

ಅವಳಪ್ಪ ಪ್ಯಾಂಟನ್ನು ಆಗಲೇ ಮಂಡಿಯವರೆಗೆ ಮಡಚಿಕೊಂಡಿದ್ದರು. ಬಾಗಿಲು ತೆರೆದು ಕೆಳಗೆ ನೋಡಿದರು. ಮಡಿಕೆಯನ್ನು ಒಂದೊಂದಾಗಿ ಬಿಚ್ಚಿ ಪ್ಯಾಂಟನ್ನು ಕೆಳಗೆಳೆದುಕೊಂಡರು.

ನನ್ನ ಜೀವನದ ಸುಳ್ಳುಗಳೆಲ್ಲ ಸೇರಿ ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

“ನೀವು ಇಲ್ಲಿಗೆ ಬಂದೇ ಇಲ್ಲ. ಅಲ್ವಾ?” ಎಂದಳು.

“ಇಲ್ಲ.” ಆಯುಷ್ಯದಲ್ಲಿ ನಾನಾಡಿದ ಅತಿ ಚಿಕ್ಕ ಮಾತು ಅದು.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು. ನನ್ನ ಮೂಗಿನ ಮೇಲಿಂದ ಕನ್ನಡಕ ತೆಗೆದು, ವೇಲಿನ ಅಂಚಿನಿಂದ ಒರೆಸಿ, ಮತ್ತೆ ಹಾಕಿದಳು. “ಈಗ ಇಳಿದು ಎಣಿಸಿ.”

ಇಳಿದೆ. ಹತ್ತಿದೆ. ನಲವತ್ತೊಂದು. ಒಂದೂ ಹೆಚ್ಚಿಲ್ಲ.

ಮುಂದಿನ ಅಂಕಣದಲ್ಲಿ ಆ ಸಂಖ್ಯೆಯನ್ನೇ ತಲೆಬರಹ ಮಾಡಿ ಒಂದು ದಡವನ್ನೂ ನೋಡಿರಲಿಲ್ಲವೆಂದು ಒಪ್ಪಿಕೊಂಡೆ. ಸಂಪಾದಕರು ಕೂಗಾಡಿದರು, ಓದುಗರು ಬೈದು ಬರೆದರು. ಅವಳು ಮಾತ್ರ ಏನೂ ಬರೆಯಲಿಲ್ಲ. ಸ್ಕೂಟರಿಗೆ ಪ್ಲಾಸ್ಟಿಕ್ ಕುರ್ಚಿ ಕಟ್ಟಿಕೊಂಡು ದಡದಿಂದ ದಡಕ್ಕೆ ಅಲೆದೆ. ಕುರ್ಚಿಯನ್ನು ನೀರಂಚಿನಲ್ಲಿಟ್ಟು ಕೂತು ನೋಡುವುದು, ಅವಳಿಗೆ ಮೆಸೇಜ್ ಹಾಕುವುದು.

‘ದೊಡ್ಡ ಕೆರೆ. ಹದಿನೇಳು ಮೆಟ್ಟಿಲು. ಬೇಡ.’

‘ಹೂಂ.’

‘ಸೇತುವೆ ಪಕ್ಕದ ಹೊಳೆ. ಮೆಟ್ಟಿಲಿಲ್ಲ. ಕೆಸರಲ್ಲಿ ಕುರ್ಚಿ ಹೂತಿತು, ಜೊತೆಗೆ ನಾನೂ. ಬೇಡ.’

‘ಹೂಂ. ಪೆಟ್ಟಾಯ್ತಾ?’

ಆ ಎರಡನೆಯ ಮಾತನ್ನು ನೂರು ಸಲ ಓದಿದೆ. ಸರಿ, ಇಪ್ಪತ್ತು ಸಲ.

ಒಂಬತ್ತನೆಯದು ಮರಗಳ ಹಿಂದೆ ಅಡಗಿದ್ದ ಒಂದು ಪುಟ್ಟ ಕೆರೆ. ‘ಮೆಟ್ಟಿಲಿಲ್ಲ. ಮರಳು ಗಟ್ಟಿ. ಕಾರು ನಿಲ್ಲುವಲ್ಲಿಂದ ಇಪ್ಪತ್ತೆರಡು ಹೆಜ್ಜೆ, ಎರಡು ಸಲ ಎಣಿಸಿದೆ. ಕುರ್ಚಿ ಅಲ್ಲಾಡಲ್ಲ.’

‘ಭಾನುವಾರ ಏಳೂವರೆಗೆ ಬನ್ನಿ.’

ಅವಳಪ್ಪ ಕುರ್ಚಿಯಲ್ಲಿ ಕೂತು ನೀರಿಗೆ ಕಾಲಿಟ್ಟರು. ಕಣ್ಣು ಮುಚ್ಚಿದರು. ನಾನು ದೂರದಲ್ಲಿ ನನ್ನ ಚಪ್ಪಲಿಯನ್ನೇ ನೋಡುತ್ತ ನಿಂತಿದ್ದೆ.

“ಬಾರಪ್ಪಾ ಈಜುಗಾರ,” ಎಂದು ಕರೆದರು. “ಆ ಹೊಳೆ ತಿರುವಲ್ಲಿ ಆಚೆ ದಡವೇ ಇಲ್ಲ ಕಣಯ್ಯಾ, ನೆಟ್ಟಗಿನ ಬಂಡೆ. ನೀನು ಮುಟ್ಟಿದ್ದೇನನ್ನ?”

ನನ್ನ ಕಿವಿ ಬಿಸಿಯಾಯಿತು. “ಅಂದ್ರೆ, ನಿಮಗೆ ಮೊದಲೇ ಗೊತ್ತಿತ್ತಾ?”

“ಓದಿದ ದಿನವೇ. ಮೆಟ್ಟಿಲು ಮಾತ್ರ ಹೊಸದು, ನನ್ನ ಕಾಲದಲ್ಲಿ ಇಳಿಜಾರಿತ್ತು. ನಿನ್ನ ಅಂಕಣ ಓದಿ ಇವಳು ನಗ್ತಾ ಇದ್ಲು. ಆ ನಗುವಿಗೋಸ್ಕರ ನಾನು ಸುಮ್ನಿದ್ದೆ.”

“ಅಪ್ಪಾ!” ಎಂದಳು ಅವಳು. ಮುಖ ಕೆಂಪಾಗಿತ್ತು.

ಸೂರ್ಯನನ್ನು ಹಿಂದೆ ಹಾಕುವಷ್ಟು ಕೆಂಪು ಎಂದು ಬರೆಯುತ್ತಿದ್ದೆ, ಮೊದಲಿನ ನಾನಾಗಿದ್ದರೆ. “ಇನ್ನೂ ಒಂದಿದೆ,” ಎಂದೆ ಅವಳಿಗೆ. “ನನಗೆ ಈಜೋಕೆ ಬರಲ್ಲ. ನೀರಂದ್ರೆ ಭಯ. ಮತ್ತೆ, ಆವತ್ತು ಅಂಗಡಿಯಲ್ಲಿ ಸುಳ್ಳು ಹೇಳಿದ್ದು ನೀವು ಹಾಗೆ ನೋಡ್ತಾ ಇದ್ರಿ ಅಂತ. ಈಗಲೂ ಹಾಗೇ ನೋಡ್ತಾ ಇದ್ದೀರಿ. ಆದ್ರೂ ನಿಜ ಹೇಳ್ತಾ ಇದ್ದೀನಿ.”

ಅವಳು ನೀರಿಗಿಳಿದು ತಿರುಗಿ ನಿಂತಳು. ಕೈ ಚಾಚಿದಳು.

“ಚಪ್ಪಲಿ ಬಿಡಿ. ಹಿಡ್ಕೊಳ್ಳಿ.”

ಹಿಡಿದುಕೊಂಡೆ. ನೀರು ಮೊಣಕಾಲಿನವರೆಗೆ ಬಂತು. ಬರೀ ಮೊಣಕಾಲಿನವರೆಗೆ. ಅಳತೆಯಲ್ಲಿ ಸುಳ್ಳಿಲ್ಲ, ಬೇಕಾದರೆ ಅವಳನ್ನೇ ಕೇಳಿ.