ಖಾಲಿ ಬಲತೋಳು

ಆಸ್ಪತ್ರೆಯ ನರ್ಸ್ ಜಾಕೆಟ್ಟಿನ ಬಲತೋಳನ್ನು ಕತ್ತರಿಯಿಂದ ಸೀಳಿದಾಗ ಒಳಗೆ ಸಿಕ್ಕಿದ್ದು ಬರಿಯ ಬಟ್ಟೆ. ಮೊಣಕೈ ಕಾಯಬೇಕಾದ ಪ್ಯಾಡು ಇರಲಿಲ್ಲ. ಭುಜದ್ದೂ ಇರಲಿಲ್ಲ. ಮೊಣಕೈ ಮೂಳೆ ಚೂರಾಗಿತ್ತು.

ಬಿದ್ದವಳು ಲ್ಯಾಬಿನ ರಕ್ತದ ಮಾದರಿಗಳನ್ನು ಬೈಕಿನಲ್ಲಿ ಸಾಗಿಸುವ ಹುಡುಗಿ. ಬೆಳಗಿನ ಹೊತ್ತು, ತಿರುವಿನಲ್ಲಿ ಮರಳು, ಗಾಡಿ ಜಾರಿತು, ಅಷ್ಟೇ. ಬೇಸಿಗೆಗೆಂದೇ ಆರಿಸಿ ತಂದ ಜಾಕೆಟ್ಟು ಅದು, ಇನ್ನೂ ಹೊಸದು. ಅವಳ ಅಪ್ಪ ಗ್ಯಾರೇಜಿನ ಮೇಸ್ತ್ರಿ. ಅವರು ಅಂದೇ ಜಾಕೆಟ್ಟಿನ ಅಂಗಡಿಗೆ ಹೋಗಿ ರಂಪ ಮಾಡಿದರು — ಪ್ಯಾಡೇ ಇಲ್ಲದ ಜಾಕೆಟ್ಟು ಮಾರಿ ನನ್ನ ಮಗಳ ಕೈ ಮುರಿದಿರಿ ಎಂದು. ಅಂಗಡಿಯ ಯಜಮಾನರು ಹೆದರಿದರು. ಜಾಕೆಟ್ಟು ಮಾರಿದ ಸೇಲ್ಸ್‌ಮನ್‌ಗೆ ಶನಿವಾರದ ಗಡುವು ಕೊಟ್ಟರು. ಅಷ್ಟರೊಳಗೆ ಪ್ಯಾಡು ಎಲ್ಲಿ ಹೋಯಿತೆಂದು ತಿಳಿಯದಿದ್ದರೆ ಅವನು ಕಳ್ಳನೆಂಬ ಹೆಸರು ಹೊತ್ತು ಮನೆಗೆ ಹೋಗಬೇಕು.

ಆ ಯಜಮಾನರ ಅಕ್ಕ ಮತ್ತು ನಮ್ಮ ಅತ್ತಿಗೆ ಸಹಪಾಠಿಗಳು. ಅತ್ತಿಗೆ ಪೊಲೀಸ್ ಇಲಾಖೆಯ ಅಪರಾಧ ವಿಭಾಗದಲ್ಲಿದ್ದು ನಿವೃತ್ತರಾದವರು. ಅವರಿಗೆ ಮಂಡಿನೋವು, ನನ್ನ ಹತ್ತಿರ ಸ್ಕೂಟರು. ಇಷ್ಟು ಸಾಕಲ್ಲ, ನನ್ನ ಗ್ರಹಚಾರಕ್ಕೆ? ನಾಯಿ ಕೂಡ ನೆರಳು ಬಿಟ್ಟು ಏಳದ ಶುಕ್ರವಾರದ ಮಧ್ಯಾಹ್ನ, ಹೆಲ್ಮೆಟ್ಟಿನೊಳಗೆ ತಲೆ ಬೇಯಿಸಿಕೊಂಡು, ನಾವಿಬ್ಬರೂ ಆ ಅಂಗಡಿಯ ಮುಂದೆ ಇಳಿದೆವು.

ಒಳಗೆ ಫ್ಯಾನು ಬಿಸಿ ಗಾಳಿಯನ್ನೇ ತಿರುವಿ ಹಾಕುತ್ತಿತ್ತು. ಸೇಲ್ಸ್‌ಮನ್ ನಿದ್ದೆಗೆಟ್ಟು ಕಂಗಾಲಾಗಿದ್ದ.

"ಆ ದಿನ ಏನಾಯ್ತು, ಹೇಳಪ್ಪ," ಎಂದರು ಅತ್ತಿಗೆ, ಇದ್ದ ಒಂದೇ ಸ್ಟೂಲಿನ ಮೇಲೆ ಕೂತು.

"ಅಪ್ಪ ಮಗಳು ಜಗಳ ಆಡ್ಕೊಂಡೇ ಒಳಗೆ ಬಂದ್ರು ಮೇಡಂ. ಅಪ್ಪಂಗೆ ದಪ್ಪ ಚರ್ಮದ್ದೇ ಆಗ್ಬೇಕು. ಮಗಳಿಗೆ ಇದು, ಜಾಲರಿ ಬಟ್ಟೇದು."

"ನೀನು ಯಾರ ಕಡೆ?"

"ಮಗಳ ಕಡೆ. ಈ ಬಿಸಿಲಿಗೆ ಚರ್ಮದ್ದು ಕೊಂಡೋರು ನಾಲ್ಕು ದಿನ ಹಾಕ್ತಾರೆ, ಆಮೇಲೆ ಬಿಚ್ಚಿ ಸೀಟಿಗೆ ಕಟ್ಕೊಂಡು ಹೋಗ್ತಾರೆ. ಸೀಟಿಗೆ ಕಟ್ಟಿದ ಜಾಕೆಟ್ಟು ಸೀಟನ್ನ ಕಾಯುತ್ತೆ, ಅಷ್ಟೆ. ಮೈಮೇಲೆ ಉಳಿಯೋದನ್ನ ತಗೊಳ್ಳಿ ಅಂದೆ. ತಿಳಿ ಬಣ್ಣ ತಗೊಳ್ಳಿ, ಒಳಗೆ ಬನಿಯನ್ ಒದ್ದೆ ಮಾಡಿ ಹಾಕ್ಕೊಳ್ಳಿ, ಗಾಳಿಯೇ ಸುಡೋ ದಿನ ಮೇಲೊಂದು ತೆಳು ಶರಟು ಹಾಕ್ಕೊಳ್ಳಿ ಅಂತಾನೂ ಹೇಳ್ದೆ."

"ಪ್ಯಾಡು ಇತ್ತಾ?"

"ಇತ್ತು. ನಾನೇ ತೆಗೆದು ತೋರ್ಸಿ, ನಾನೇ ವಾಪಸ್ ಹಾಕ್ದೆ. ಒಳಗಡೆ ಜೇಬಿನ ಥರ ಇರುತ್ತೆ, ತೆಗೀಬಹುದು, ಹಾಕಬಹುದು. ಆದ್ರೆ ನನ್ನ ಮಾತು ಯಾರು ನಂಬ್ತಾರೆ?"

ಅವನ ದನಿ ಬಿದ್ದುಹೋಯಿತು. ನನಗೆ ಪಾಪ ಅನ್ನಿಸಿತು. ಏನು ಮಾಡುವುದೋ ತೋಚದೆ ಅಲ್ಲೇ ತೂಗುಹಾಕಿದ್ದ ಒಂದು ಜಾಕೆಟ್ಟನ್ನು ತೊಟ್ಟು ಕನ್ನಡಿ ನೋಡಿಕೊಂಡೆ.

"ಅಣ್ಣ, ತೋಳು ಗಿಡ್ಡ ಆಯ್ತು ನಿಮಗೆ," ಎಂದ ಅವನು, ಅಂಥ ಸಂಕಟದಲ್ಲೂ. "ನಿಂತು ನೋಡಿದ್ರೆ ಗೊತ್ತಾಗಲ್ಲ. ಹ್ಯಾಂಡಲ್ ಹಿಡಿದ ಹಾಗೆ ಕೈ ಚಾಚಿ."

ಚಾಚಿದೆ. ಮಣಿಕಟ್ಟು ಪೂರ್ತಿ ಹೊರಗೆ ಬಂತು. ಅತ್ತಿಗೆ ನಗಲಿಲ್ಲ, ಎದ್ದರು.

"ಇವನು ಕಳ್ಳ ಇರಲಾರ ಅತ್ತಿಗೆ," ಎಂದೆ ಹೊರಗೆ ಬಂದು.

"ಮುಖ ನೋಡಿ ಹೇಳೋದಾದ್ರೆ ನನಗೆ ಮೂವತ್ತು ವರ್ಷ ಸಂಬಳ ಯಾಕೆ ಕೊಟ್ರೋ? ಗಾಡಿ ತೆಗಿ."

ಮುಂದೆ ಲ್ಯಾಬು. ಅಲ್ಲಿ ಆ ಹುಡುಗಿಯ ಜೊತೆ ಇನ್ನೊಬ್ಬ ಸವಾರ ಇದ್ದಾನೆ. ಬಾಗಿಲಿಗೆ ತಲೆ ಬಗ್ಗಿಸಿ ಬರುವಷ್ಟು ಎತ್ತರ, ಆದ್ದರಿಂದ ಎಲ್ಲರಿಗೂ ಉದ್ದಣ್ಣ. ಇಬ್ಬರೂ ಜಾಕೆಟ್ಟನ್ನು ಒಂದೇ ಗೂಟಕ್ಕೆ ತೂಗುಹಾಕುತ್ತಾರೆ.

"ನನ್ನ ಮೇಲೆ ಅನುಮಾನಾನಾ ಮೇಡಂ?"

"ಎಲ್ಲರ ಮೇಲೂ. ನಿನ್ನ ಜಾಕೆಟ್ಟು ತೋರ್ಸು."

ತೋರಿಸಿದ. ಹಳೆಯದು, ಪ್ಯಾಡುಗಳನ್ನು ಒಳಗಿಟ್ಟೇ ಹೊಲಿದುಬಿಟ್ಟಿದ್ದರು. ಬಿಚ್ಚಿದ ಗುರುತಿಲ್ಲ. ಇನ್ನೊಬ್ಬರ ಪ್ಯಾಡು ತಂದು ತುರುಕಲು ಜಾಗವೂ ಇಲ್ಲ.

"ಅವಳು ಅಷ್ಟು ಬೆಳಿಗ್ಗೆ ಯಾಕೆ ಹೊರಟಿದ್ಲು?"

"ಬಿಸಿಲು ಮೇಡಂ. ಮೊದಲೆಲ್ಲ ನಾವು ಹನ್ನೊಂದಕ್ಕೆ ಬರ್ತಿದ್ವಿ. ಮಾದರಿ ಕೆಡುತ್ತೆ, ನಾಳೆಯಿಂದ ಆರಕ್ಕೇ ಹೊರಡಿ ಅಂತ ಹಿಂದಿನ ರಾತ್ರಿ ಮೆಸೇಜು ಬಂತು. ಅದೇ ಮೊದಲ ದಿನ. ಮೊದಲ ದಿನಾನೇ ಹೀಗಾಯ್ತು."

ಅತ್ತಿಗೆ ಕಣ್ಣು ಮುಚ್ಚಿಕೊಂಡರು. ಬಿಸಿಲಿನ ಸುಸ್ತೆಂದು ನಾನು ನೀರು ಕೊಟ್ಟೆ. ಕುಡಿದು, "ಆಸ್ಪತ್ರೆಗೆ," ಎಂದರು.

ವಾರ್ಡಿನ ಹೊರಗೆ ಮೇಸ್ತ್ರಿ ಗೋಡೆಗೊರಗಿ ನಿಂತಿದ್ದರು. ಎರಡು ದಿನದ ಗಡ್ಡ. ಉಗುರಿನ ಸಂದಿಯಲ್ಲಿ ಗ್ರೀಸು ಹಾಗೇ ಇತ್ತು.

"ಮೇಸ್ತ್ರಿಗಳೇ, ಕೊಂಡಾಗ ಪ್ಯಾಡು ಇತ್ತಾ?"

"ಇರ್ಲೇ ಇಲ್ಲ. ಮೋಸ ಮಾಡಿದ್ರು."

"ನೀವು ಮುಟ್ಟಿ ನೋಡ್ಲಿಲ್ವಾ?"

"ಏನು ನೋಡೋದು? ನಂಬಿ ತಂದ್ವಿ. ಬೆರಳ ದಪ್ಪಾನೂ ಇಲ್ಲ, ಬಿಸ್ಕತ್ತಿನ ಹಾಗೆ ಮುರಿಯುತ್ತೆ, ಅಂಥದ್ದನ್ನ ಇಟ್ಟು ಮೂಳೆ ಉಳಿಯುತ್ತೆ ಅಂತಾರೆ. ಅವರ ಮನೆ ಮಕ್ಕಳಿಗೆ ಹಾಕ್ತಾರಾ ಇದನ್ನ?"

ಆ ಸಿಟ್ಟು ನ್ಯಾಯವೆಂದೇ ನನಗೆ ಕಂಡಿತು. ಅತ್ತಿಗೆ ಮಾತ್ರ ಅವರ ಮುಖವನ್ನೇ ನೋಡುತ್ತಿದ್ದರು.

ಹುಡುಗಿ ಮಂಚದ ಮೇಲೆ ದಿಂಬಿಗೊರಗಿದ್ದಳು. ಬಲಗೈ ಭುಜದಿಂದ ಬೆರಳತನಕ ಪಟ್ಟಿಯೊಳಗೆ. ಜಾಕೆಟ್ಟು ಮಂಚದ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಇತ್ತು. ನರ್ಸ್ ಕಟ್ಟಿಟ್ಟದ್ದು, ಆಮೇಲೆ ಯಾರೂ ಬಿಚ್ಚಿರಲಿಲ್ಲ.

ಅತ್ತಿಗೆ ಬಿಚ್ಚಿದರು. ಸೀಳಿದ ಬಲತೋಳಿನ ಒಳಜೇಬನ್ನು ಹೊರಗೆ ಮಗುಚಿದರು. ಕಪ್ಪು ಅಸ್ತರಿನ ಮೇಲೆ ಬೆವರಿನ ಉಪ್ಪು ಬಿಳಿಯ ಗೆರೆ ಎಳೆದಿತ್ತು — ಅಂಗೈಯಗಲ, ನಾಲ್ಕೂ ಮೂಲೆ ದುಂಡಗೆ. ಗೆರೆಯ ಒಳಗೆ ಬಟ್ಟೆ ಹೊಸದರಂತಿತ್ತು.

"ಪ್ಯಾಡು ಇತ್ತು," ಎಂದೆ ನಾನು. "ಬೆವರು ಗೆರೆ ಎಳೆಯೋವಷ್ಟು ದಿನ ಇತ್ತು. ಅಂದ್ರೆ ಅಂಗಡಿಯವನ ತಪ್ಪಿಲ್ಲ."

"ಹೂಂ," ಎಂದು ಅತ್ತಿಗೆ ಎಡತೋಳನ್ನು ಅದುಮಿದರು. ಅವರ ಕೈ ನಿಂತಿತು. ಒಳಗೆ ಬೆರಳು ಹಾಕಿ ಒಂದು ತೆಳ್ಳನೆಯ ಪ್ಯಾಡು ಹೊರಗೆಳೆದರು. ಭುಜದಿಂದ ಇನ್ನೊಂದು. ಎರಡನ್ನೂ ಹೊದಿಕೆಯ ಮೇಲಿಟ್ಟರು. ಇಷ್ಟು ದಿನ ಎಲ್ಲರೂ ಮಾತಾಡಿದ್ದು ಸೀಳಿದ ತೋಳಿನ ಬಗ್ಗೆ. ಸೀಳದ ತೋಳನ್ನು ಯಾರೂ ಮುಟ್ಟಿಯೂ ನೋಡಿರಲಿಲ್ಲ, ಮುರಿದ ಕೈ ಅದಲ್ಲವಲ್ಲ.

"ಸೆಕೆ ತಡೀಲಾರದೆ ನೀನೇ ಏನಾದ್ರೂ ತೆಗೆದ್ಯೇನಮ್ಮ?"

"ಇಲ್ಲ ಆಂಟಿ. ತೆಗೆದಿದ್ರೆ ಎರಡೂ ಕಡೆ ತೆಗೀತಿದ್ದೆ. ಒಂದೇ ತೋಳಿಗೆ ಸೆಕೆ ಆಗುತ್ತಾ?"

"ಬೆಳಿಗ್ಗೆ ಹಾಕ್ಕೊಂಡಾಗ ಗೊತ್ತಾಗ್ಲಿಲ್ವಾ?"

"ನಿದ್ದೆಗಣ್ಣು. ಲೇಟಾಗಿತ್ತು. ಅಪ್ಪ ಮಲಗಿದ್ರು, ಎಬ್ಬಿಸೋದು ಬೇಡ ಅಂತ ದೀಪಾನೂ ಹಾಕ್ಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ನೆಲ ನೋಡಿದರು.

ಅತ್ತಿಗೆ ಹಣೆ ಒರೆಸಿಕೊಂಡರು. ಅವರು ಅಷ್ಟು ದಣಿದದ್ದನ್ನು ನಾನು ಎಂದೂ ಕಂಡಿರಲಿಲ್ಲ. "ಮೇಸ್ತ್ರಿಗಳೇ, ಸ್ವಲ್ಪ ಹೊರಗೆ ಹೋಗಿ ಮಾತಾಡೋಣ್ವಾ?"

"ಇಲ್ಲೇ ಹೇಳಿ," ಎಂದಳು ಹುಡುಗಿ. "ಮುರಿದಿರೋ ಕೈ ನಂದು."

ಅತ್ತಿಗೆ ಒಮ್ಮೆ ಮೇಸ್ತ್ರಿಯ ಕಡೆ ನೋಡಿದರು. ಅವರು ಬೇಡ ಎನ್ನಲಿಲ್ಲ.

"ಅಂಗಡಿಯವನು ಮೋಸ ಮಾಡಿದ್ರೆ ಪ್ಯಾಡು ಒಂದೂ ಇರ್ತಿರಲಿಲ್ಲ. ಕಳ್ಳ ಆಗಿದ್ರೆ ಜೋಡಿ ಹೊತ್ತೊಯ್ಯುತ್ತಿದ್ದ, ಒಂಟಿ ಪ್ಯಾಡು ಯಾರಿಗೆ ಬೇಕು? ಇಲ್ಲಿ ಹೋಗಿರೋದು ಮೊಣಕೈದು ಒಂದು, ಭುಜದ್ದು ಒಂದು. ಎಡ ಬಲ ಎರಡಕ್ಕೂ ಅಳತೆ ಒಂದೇ. ಒಂದೊಂದೇ ತಗೊಂಡು ಹೋಗೋರು ಯಾರು? ಅದೇ ಅಳತೆಯ ಬೇರೆ ಪ್ಯಾಡು ಹುಡುಕ್ಕೊಂಡು ಅಂಗಡಿಗೆ ಹೋಗೋರು. ತೋರ್ಸೋಕೆ ಒಂದು ಸಾಕು."

ಅತ್ತಿಗೆ ಬಾಗಿಲ ಕಡೆ ತಿರುಗಿದರು.

"ಪ್ಯಾಡು ಇರ್ಲೇ ಇಲ್ಲ ಅಂದ್ರಿ ಮೇಸ್ತ್ರಿಗಳೇ. ಬೆರಳ ದಪ್ಪಾನೂ ಇಲ್ಲ, ಬಿಸ್ಕತ್ತಿನ ಹಾಗೆ ಅಂತಾನೂ ಅಂದ್ರಿ. ಇಲ್ಲದೇ ಇರೋ ಪ್ಯಾಡಿನ ದಪ್ಪ ನಿಮಗೆ ಹೇಗೆ ಗೊತ್ತಾಯ್ತು?"

ಮೇಸ್ತ್ರಿ ಒಳಗೆ ಬಂದು ಮಂಚದ ಕಾಲ ಬಳಿ ಕೂತರು.

"ತುಂಬ ತೆಳು ಇತ್ತು," ಎಂದರು. "ದಿನಾ ನೋಡೋಕಾಗ್ತಿರಲಿಲ್ಲ. ಜಾಕೆಟ್ಟು ಅವಳಿಷ್ಟದ್ದೇ ಇರ್ಲಿ, ಪ್ಯಾಡಾದ್ರೂ ದಪ್ಪದ್ದು ಹಾಕೋಣ ಅಂತ ಹಿಂದಿನ ಸಂಜೆ ಎರಡು ತೆಗೆದು ಸ್ಪೇರ್ ಪಾರ್ಟ್ಸ್ ಅಂಗಡೀಲಿ ಕೊಟ್ಟೆ. ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ ಅಂದ. ಅವಳು ಹೊರಡೋದು ಹತ್ತೂವರೆಗಲ್ವಾ, ಅಷ್ಟರಲ್ಲಿ ಹಾಕಿಟ್ರಾಯ್ತು ಅಂದ್ಕೊಂಡೆ. ಎದ್ದು ನೋಡಿದ್ರೆ ಜಾಕೆಟ್ಟೂ ಇಲ್ಲ, ಅವಳೂ ಇಲ್ಲ. ಫೋನ್ ಮಾಡ್ದೆ. ಗಾಡಿ ಓಡಿಸುವಾಗ ಅವಳು ಎತ್ತಲ್ಲ. ಎತ್ತಬೇಡ ಅಂತ ಕಲಿಸಿದ್ದೇ ನಾನು."

"ಮತ್ತೆ ಆ ಅಂಗಡಿಯವನ ತಲೆಗೆ ಯಾಕೆ ಕಟ್ಟಿದ್ರಿ?" ನನ್ನ ದನಿ ಏರಿತ್ತು. ಅವನ ಇಳಿಬಿದ್ದ ಮುಖ ನನ್ನ ಕಣ್ಣಿಂದ ಹೋಗಿರಲಿಲ್ಲ.

"ಕಣ್ಣು ಬಿಟ್ಟವಳು ಮೊದಲು ಕೇಳಿದ್ದೇ, ಪ್ಯಾಡು ಎಲ್ಲಿ ಹೋಯ್ತಪ್ಪಾ ಅಂತ. ಅಂಗಡಿಯವರು ಹಾಕೇ ಇಲ್ಲ ಅಂತ ಬಾಯಿಗೆ ಬಂದುಬಿಡ್ತು. ಆಮೇಲೆ ಬಂದೋರೆಲ್ಲ ಹೋಗಿ ಕೇಳು, ಬಿಡಬೇಡ ಅಂದ್ರು. ಹೋಗದೇ ಇದ್ರೆ ಅವಳಿಗೆ ಗೊತ್ತಾಗ್ತಿತ್ತು." ಮಾತು ಅಲ್ಲಿಗೆ ಮುಗಿಯಿತು, ಮುಖ ಮುಚ್ಚಿಕೊಂಡರು.

ಹುಡುಗಿ ಹೊದಿಕೆಯ ಮೇಲಿದ್ದ ತೆಳು ಪ್ಯಾಡೊಂದನ್ನು ಎಡಗೈಯಲ್ಲಿ ಎತ್ತಿಕೊಂಡಳು. ಅಳಲಿಲ್ಲ.

"ದಪ್ಪದ್ದು ಸಿಕ್ತಾ?" ಎಂದಳು.

"ಸಿಕ್ತು. ಗ್ಯಾರೇಜಲ್ಲಿದೆ."

"ಆ ಅಂಗಡಿ ಅಣ್ಣಂಗೆ ನಾಳೆ ಕೆಲಸ ಹೋಗುತ್ತಂತೆ. ಫೋನ್ ಮಾಡು."

ಮೇಸ್ತ್ರಿ ಫೋನು ತೆಗೆದು, ನಂಬರು ಒತ್ತಿ, ಮಗಳ ಕಡೆ ಚಾಚಿದರು. "ನೀನೇ ಹೇಳ್ಬಿಡಮ್ಮ. ನನ್ನ ಬಾಯಿ ಬರಲ್ಲ."

"ಇಲ್ಲಪ್ಪ," ಎಂದಳು. "ನೀನೇ ಹೇಳು."

ಫೋನು ಗಾಳಿಯಲ್ಲೇ ಒಂದು ಗಳಿಗೆ ನಿಂತಿತು. ಅತ್ತಿಗೆ ನನ್ನ ತೋಳು ಹಿಡಿದು ಬಾಗಿಲ ಕಡೆ ತಿರುಗಿಸಿದರು. ನಾವು ಹೊಸಿಲು ದಾಟುವಾಗ ಹಿಂದಿನಿಂದ ಮೇಸ್ತ್ರಿಯ ದನಿ ಕೇಳಿಸಿತು.

"ಹಲೋ, ನಾನು ಕಣಪ್ಪ, ಆ ಹುಡುಗಿ ತಂದೆ. ಪ್ಯಾಡು ತೆಗೆದಿದ್ದು ನಾನು."