ಬಳೆಗಾರರ ಓಣಿಯ ಇಪ್ಪತ್ತು ಹೆಜ್ಜೆ

ಬಹಮನಿ ಅರಸೊತ್ತಿಗೆ ಒಡೆದು ಐದು ರಾಜ್ಯಗಳಾದುವೆಂದು ಬಲ್ಲವರು ಹೇಳುತ್ತಾರೆ. ಈ ಕತೆಯ ಮಟ್ಟಿಗೆ ಆರನೆಯದೂ ಒಂದಿತ್ತೆಂದು ಒಪ್ಪಿಕೊಳ್ಳೋಣ. ಬೋಳು ಬಯಲಿನ ನಡುವೆ ಎದ್ದು ನಿಂತ ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲೆ ಅದರ ರಾಜಧಾನಿ ಶಮ್ಸಾಬಾದ. ನಾಲ್ಕು ಮಿನಾರುಗಳಿಂದ ಮುಂಜಾವಿನ ಬಾಂಗು ಕೇಳಿಬರುವ ಹೊತ್ತಿಗೆ ಬಳೆಗಾರರ ಓಣಿಯಲ್ಲಿ ಕುಲುಮೆಗಳು ಹೊತ್ತಿಕೊಳ್ಳುತ್ತಿದ್ದವು. ದಾಭೋಳದ ಬಂದರಿನಿಂದ ಬಂದ ಅರಬೀ ಕುದುರೆಗಳು ಪೇಟೆಯ ಬಾಗಿಲಲ್ಲಿ ಕೆನೆಯುತ್ತಿದ್ದವು. ಮದರಸೆಯ ನೀಲಿ ಬಿಲ್ಲೆಗಳ ಮೇಲೆ ಬಿಸಿಲು ಬಿದ್ದರೆ ದಾರಿಹೋಕರು ಒಂದು ಗಳಿಗೆ ನಿಂತು ನೋಡಿ ಮುಂದೆ ಸಾಗುತ್ತಿದ್ದರು. ಎಲ್ಲಕ್ಕಿಂತ ಸೋಜಿಗದ ಸಂಗತಿ ಬೇರೆಯೇ ಇತ್ತು. ಆ ದಿಬ್ಬದ ಮೇಲೆ ನದಿಯಿಲ್ಲ, ಕೆರೆಯಿಲ್ಲ, ಹಳ್ಳವೂ ಇಲ್ಲ. ಆದರೂ ಕಾರಂಜಿಗಳು ಬೇಸಗೆಯಲ್ಲಿಯೂ ಚಿಮ್ಮುತ್ತಿದ್ದವು. ನೀರು ಎಲ್ಲಿಂದ ಬರುತ್ತದೆಂದು ಪರಸ್ಥಳದವರು ಕೇಳಿದರೆ, ಊರವರು ಕೋಟೆಯ ಮಗ್ಗುಲಿನ ಒಂದು ಹೆಂಚಿನ ಮನೆಯ ಕಡೆ ಕೈ ತೋರಿಸುತ್ತಿದ್ದರು.

ಅದು ಉಸ್ತಾದ್ ಸದ್ರುದ್ದೀನರ ಮನೆ. ಅವರ ಮುತ್ತಜ್ಜ ಪರ್ಷಿಯಾದ ಯಜ್ದ್ ಪಟ್ಟಣದಿಂದ ಹಡಗು ಹತ್ತಿ ಬಂದವನು. ಕವಿಗಳು, ಕುದುರೆ ವ್ಯಾಪಾರಿಗಳು, ವಿದ್ವಾಂಸರು, ಕತ್ತಿ ಹಿಡಿದವರು ಎಂದು ಎಷ್ಟೋ ಜನ ಆ ಕಾಲದಲ್ಲಿ ಕಡಲು ದಾಟಿ ದಖ್ಖನಿಗೆ ಬಂದರು. ಈ ಮನುಷ್ಯ ತಂದದ್ದು ಒಂದು ಗುದ್ದಲಿ, ಎರಡು ದೀಪ, ಮತ್ತು ಮರುಭೂಮಿಯ ಜನ ಸಾವಿರ ವರ್ಷ ಕಲಿತ ಒಂದು ವಿದ್ಯೆ: ದೂರದ ಗುಡ್ಡದ ಬುಡದಲ್ಲಿ ತಾಯಿಬಾವಿ ತೋಡಿ, ನೆಲದೊಳಗೆ ಸುರಂಗ ಕೊರೆದು, ಕಾಣದ ಇಳಿಜಾರಿನಲ್ಲಿ ನೀರನ್ನು ಮೆಲ್ಲಗೆ ನಡೆಸಿ ತರುವುದು. ಎರಡು ದೀಪಗಳನ್ನು ಹಿಂದೆ ಮುಂದೆ ಇಟ್ಟು, ಒಂದರ ಮರೆಗೆ ಇನ್ನೊಂದು ಸರಿಯಾಗಿ ನಿಂತಿತೇ ಎಂದು ನೋಡುತ್ತ ಅಗೆದರೆ ಕತ್ತಲೆಯಲ್ಲಿಯೂ ಸುರಂಗ ನೇರ ಹೋಗುತ್ತದೆ. ಆತ ಇಲ್ಲಿಯ ಒಡ್ಡರ ಜೊತೆ ಅಗೆದ, ಅವರ ಮಾತು ಕಲಿತ, ಇಲ್ಲಿಯ ಹೆಣ್ಣನ್ನೇ ಮದುವೆಯಾದ. ನಾಲ್ಕನೆಯ ತಲೆಮಾರಿನ ಸದ್ರುದ್ದೀನರಿಗೆ ನಮಾಜಿಗೆ ಬೇಕಾದಷ್ಟು ಅರಬ್ಬಿ, ದರಬಾರಿಗೆ ಬೇಕಾದಷ್ಟು ಫಾರಸಿ ಬರುತ್ತಿತ್ತು. ಸಿಟ್ಟು ಬಂದರೆ ಮಾತ್ರ ಕನ್ನಡವೇ ಬೇಕು.

ಪೇಟೆಗೆ ಹೋಗುವ ಸುರಂಗ ಎಲ್ಲರಿಗೂ ಗೊತ್ತಿದ್ದದ್ದೇ. ಒಳಕೋಟೆಗೆ ಹೋಗುವ ಕವಲು ಮಾತ್ರ ಗುಟ್ಟು. ವೈರಿಗಳು ಮುತ್ತಿಗೆ ಹಾಕಿದಾಗ ಕೋಟೆ ಬದುಕುವುದೇ ಆ ನೀರಿನಿಂದ. ಆದ್ದರಿಂದ ಮುತ್ತಜ್ಜ ಅದರ ನಕ್ಷೆ ಬರೆಯಲಿಲ್ಲ, ಮೇಲಿನಿಂದ ಸುರಂಗಕ್ಕೆ ಗಾಳಿ ಬಿಡುವ ಗಾಳಿಬಾಯಿಗಳನ್ನು ಮುಚ್ಚಿಸಿದ, ತಲೆಮಾರಿಗೊಬ್ಬನಿಗೆ ಬಾಯಿಮಾತಿನಲ್ಲಿ ದಾಟಿಸಬೇಕೆಂದು ಕುರಾನಿನ ಮೇಲೆ ಆಣೆ ಮಾಡಿಸಿದ. ಜೊತೆಗೆ ಇನ್ನೊಂದು ಕಟ್ಟಳೆ ಇತ್ತು. ನೀರಿನ ನೆತ್ತಿಯ ಮೇಲೆ ಈ ಮನೆಯವರು ಜೋಡು ಮೆಟ್ಟಿ ನಡೆಯಕೂಡದು; ಪೇಟೆಯ ಸುರಂಗದ ಮೇಲೆ ಅವರು ಬರಿಗಾಲಲ್ಲಿ ನಡೆಯುವುದನ್ನು ಊರೇ ಕಂಡಿತ್ತು. ಗುಟ್ಟಿನ ಕವಲು ಬಳೆಗಾರರ ಓಣಿಯನ್ನು ಇಪ್ಪತ್ತು ಹೆಜ್ಜೆಯಷ್ಟು ಉದ್ದಕ್ಕೆ ಹಾದುಹೋಗುತ್ತಿತ್ತು. ಅಲ್ಲಿ ಬರಿಗಾಲಲ್ಲಿ ನಡೆದರೆ ಊರಿಗೆಲ್ಲ ಡಂಗುರ ಹೊಡೆದಂತೆ. ಮುತ್ತಜ್ಜ ಜಾಣ. ಓಣಿಯ ತುದಿಯ ದರ್ಗಾಕ್ಕೆ ಹೋಗಿ ಕೈಮುಗಿದು, ಜೋಡನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಬಂದು, ಬೇವಿನ ಮರದ ಬುಡದಲ್ಲಿ ಮೆಟ್ಟಿಕೊಳ್ಳುವ ಪದ್ಧತಿ ಹಾಕಿಕೊಂಡ. ದೈವಭಕ್ತರು ಎಂದು ಜನ ಅಂದುಕೊಂಡರು. ಸದ್ರುದ್ದೀನರು ಅರವತ್ತು ವರ್ಷ ಹಾಗೆಯೇ ನಡೆದಿದ್ದರು.

ಆ ವರ್ಷ ಸುಲ್ತಾನರು ತೀರಿಕೊಂಡರು. ಮೂರನೆಯ ದಿನಕ್ಕೇ ವಜೀರ ಸಫ್ದರ್ ಖಾನ್ ಸತ್ತವರ ದಾಯಾದಿಯೊಬ್ಬನನ್ನು ಗದ್ದುಗೆಗೆ ಏರಿಸಿ ಪೇಟೆಯನ್ನೂ ಹೊರಕೋಟೆಯನ್ನೂ ವಶಮಾಡಿಕೊಂಡ. ವಿಧವೆ ಬೀಬಿ ಗುಲ್‌ರುಖ್ ಮುನ್ನೂರು ಜನ ನಂಬಿಕಸ್ಥರೊಡನೆ ಒಳಕೋಟೆಯ ಬಾಗಿಲು ಹಾಕಿಕೊಂಡು, ಅಣ್ಣನ ದಂಡು ಬರುವ ದಾರಿ ಕಾಯುತ್ತ ಕುಳಿತರು. ಕಣಜದಲ್ಲಿ ಜೋಳವಿತ್ತು. ನೀರು ನೆಲದೊಳಗಿಂದ ಬರುತ್ತಿತ್ತು. ಎರಡು ತಿಂಗಳಾದರೂ ಕೋಟೆ ಬಗ್ಗಲಿಲ್ಲ. ಆಗ ವಜೀರನಿಗೆ ಉಸ್ತಾದರ ನೆನಪು ಬಂತು.

ಅವರನ್ನು ಪಲ್ಲಕ್ಕಿಯಲ್ಲಿ ಕರೆಸಿಕೊಂಡು, ತನ್ನ ಕೈಯಿಂದಲೇ ಶರಬತ್ತು ಕೊಟ್ಟು, ಮುತ್ತಜ್ಜನ ವಿದ್ಯೆಯನ್ನು ಹೊಗಳಿ, ಜಹಗೀರಿನ ಆಸೆ ತೋರಿಸಿದ. ಉಸ್ತಾದರು ಅದಕ್ಕೆಲ್ಲ ತಲೆಯಾಡಿಸುತ್ತ ಕುಳಿತಿದ್ದರು. ಕೊನೆಗೆ ವಜೀರ ನೇರವಾಗಿ ಕೇಳಿದ.

"ಉಸ್ತಾದರೇ, ಆ ಕವಲು ಎಲ್ಲಿ ಹಾದಿದೆಯೆಂದು ತಾವು ಹೇಳಬೇಕು. ಹೊಸ ಸುಲ್ತಾನರ ಉಪ್ಪನ್ನೂ ತಾವೀಗ ಉಣ್ಣುತ್ತಿದ್ದೀರಿ."

"ಹುಜೂರ್, ನಾನು ಆಣೆ ಮಾಡಿದ್ದು ನೀರಿಗೆ. ಗದ್ದುಗೆಯ ಮೇಲೆ ಯಾರು ಕುಳಿತರೂ ಅದು ಬದಲಾಗುವುದಿಲ್ಲ. ತಲೆ ಬೇಕಾದರೆ ತೆಗೆದುಕೊಳ್ಳಿ. ಈ ವಯಸ್ಸಿಗೆ ಅದರಿಂದ ನನಗೂ ಬಹಳ ಉಪಯೋಗವೇನಿಲ್ಲ."

ವಜೀರ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವನು ಮುಗುಳ್ನಕ್ಕು, ಆಣೆಗೆ ಬದ್ಧನಾದವನನ್ನು ತಾನು ಗೌರವಿಸುತ್ತೇನೆಂದು ಹೇಳಿ, ನಿಶ್ಚಿಂತೆಯಿಂದ ಮನೆಗೆ ನಡೆಯಿರಿ ಎಂದು ಬೀಳ್ಕೊಟ್ಟ. ಪಲ್ಲಕ್ಕಿಯನ್ನು ಮಾತ್ರ ಕೊಡಲಿಲ್ಲ.

ಉಸ್ತಾದರು ಗೆದ್ದೆನೆಂಬ ಹಿಗ್ಗಿನಲ್ಲಿ ನಡೆದು ಬಂದರು. ಮುದುಕರಿಗೂ ಹಿಗ್ಗು ಬರುತ್ತದೆ, ಬಂದಾಗ ಅವರೂ ಮೈಮರೆಯುತ್ತಾರೆ. ವಜೀರನ ಬಾಯಿಗೆ ಉತ್ತರ ಕೊಟ್ಟೆನಲ್ಲಾ ಎಂದು ಅದೇ ಮಾತನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಆಡಿಕೊಳ್ಳುತ್ತ ಬಳೆಗಾರರ ಓಣಿ ಹಿಡಿದರು. ಕುಲುಮೆಗಳ ಹೊಗೆ ಕಣ್ಣಿಗೆ ಬಂತು. ಎಂದಿನಂತೆ ಬಗ್ಗಿ ಜೋಡು ಕಳಚಿ ಕೈಯಲ್ಲಿ ಹಿಡಿದರು, ಇಪ್ಪತ್ತು ಹೆಜ್ಜೆ ಬರಿಗಾಲಲ್ಲಿ ನಡೆದರು, ಬೇವಿನ ಮರದ ಬುಡದಲ್ಲಿ ಮೆಟ್ಟಿಕೊಳ್ಳಲು ತಿರುಗಿದರು. ತಿರುಗಿದಾಗ ದರ್ಗಾದ ಬಾಗಿಲು ಕಣ್ಣಿಗೆ ಬಿತ್ತು. ಬಾಗಿಲಿಗೆ ಬೀಗವಿತ್ತು, ದಂಗೆಯ ಭಯಕ್ಕೆ ವಜೀರ ಹಿಂದಿನ ವಾರವೇ ಹಾಕಿಸಿದ ಬೀಗ. ಅಂದು ಅವರು ದರ್ಗಾದೊಳಗೆ ಹೋಗಿಯೇ ಇರಲಿಲ್ಲ.

ಓಣಿಯ ಮೊದಲಿನಲ್ಲಿ ಬಳೆ ಆರಿಸುವವನಂತೆ ನಿಂತಿದ್ದ ಒಬ್ಬ ಮನುಷ್ಯ ಬಳೆಗಳನ್ನು ಕೆಳಗಿಟ್ಟು, ಅವಸರವಿಲ್ಲದೆ, ವಜೀರನ ಹವೇಲಿಯ ಕಡೆ ಹೊರಟುಹೋದ. ನಾಲ್ಕು ತಲೆಮಾರು ಬಾಯಿ ಬಿಡದೆ ಕಾಯ್ದದ್ದನ್ನು ತನ್ನ ಕಾಲು ಹೇಳಿಬಿಟ್ಟಿತಲ್ಲಾ ಎಂದು ಸದ್ರುದ್ದೀನರು ಬೇವಿನ ಮರ ಹಿಡಿದು ನಿಂತರು. ಎಷ್ಟು ಹೊತ್ತು ನಿಂತರೋ ಅವರಿಗೇ ತಿಳಿಯಲಿಲ್ಲ.

ಮರುದಿನ ಬುಧವಾರ. ಓಣಿಯನ್ನು ಖಾಲಿ ಮಾಡಿಸಿ, ಸುತ್ತ ಕನಾತಿನ ಪರದೆ ಕಟ್ಟಿಸಿ, ಒಡ್ಡರನ್ನು ಹಿಡಿದು ತಂದು ಅಗೆಯಲು ಹಚ್ಚಿದರು. ಗುರುವಾರ ಮಧ್ಯಾಹ್ನ ಆ ಒಡ್ಡರ ಹಿರಿಯ ಹುಸೇನಪ್ಪ ಕಾವಲಿನವರ ಕಣ್ಣು ತಪ್ಪಿಸಿ ಉಸ್ತಾದರ ಮನೆಗೆ ಬಂದ. ಅವನ ಮುತ್ತಜ್ಜ ಇವರ ಮುತ್ತಜ್ಜನ ಜೊತೆ ಅಗೆದವನು. ಇವರಿಬ್ಬರೂ ಒಂದೇ ದೀಪದ ಬೆಳಕಿನಲ್ಲಿ ಐವತ್ತು ವರ್ಷ ಹೂಳೆತ್ತಿದವರು. ಅವನು ಜಗಲಿಯ ಮೇಲೆ ಕುಕ್ಕರುಗಾಲಲ್ಲಿ ಕುಳಿತ. ಆಮೇಲೆ ಹೇಳಿದ್ದಿಷ್ಟು: ನಾಳೆ ಜುಮ್ಮಾ ನಮಾಜು ಮುಗಿಯುವ ಹೊತ್ತಿಗೆ ಗುದ್ದಲಿ ನೀರಿಗೆ ತಾಗುತ್ತದೆ. ನೀರನ್ನು ಕಟ್ಟುವುದು ವಜೀರನ ಮನಸ್ಸಿನಲ್ಲಿಲ್ಲ. ಕೋಟೆಯ ಹೌದಿನ ತೊಟ್ಟಿಯಲ್ಲಿ ಇಪ್ಪತ್ತು ದಿನಕ್ಕೆ ಸಾಕಾಗುವಷ್ಟು ನೀರು ನಿಂತಿದೆಯೆಂದು ಅವನಿಗೆ ಗೊತ್ತು, ಬೀಬಿಯ ಅಣ್ಣನ ದಂಡು ಹತ್ತು ದಿನದ ದಾರಿಯಲ್ಲಿದೆಯೆಂದೂ ಗೊತ್ತು. ಕನಾತಿನೊಳಗೆ ಪಾಷಾಣದ ಮೂಟೆಗಳು ಬಂದು ಕುಳಿತಿವೆ. ಕೋಟೆಗೆ ವಾಂತಿಭೇದಿ ತಗುಲಿತೆಂದು ಊರಿಗೆ ಹೇಳಲು ಹಕೀಮನನ್ನೂ ಗೊತ್ತುಮಾಡಿದ್ದಾರೆ.

ಮುನ್ನೂರು ಜನ. ಉಸ್ತಾದರಿಗೆ ಅವರಲ್ಲಿ ಬಹಳ ಮಂದಿಯ ಮುಖ ಗೊತ್ತಿತ್ತು; ಹೌದಿನ ದಡದಲ್ಲಿ ಕೊಡ ತುಂಬುವ ಹೆಂಗಸರ ಧ್ವನಿಯೂ ಗೊತ್ತಿತ್ತು. ಬಾಣಕ್ಕೆ ಚೀಟಿ ಕಟ್ಟಿ ಕೋಟೆಯೊಳಗೆ ಹೊಡೆಯೋಣವೇ ಎಂದು ಹುಸೇನಪ್ಪ ಕೇಳಿದ. ಅದು ಆಗದ ಮಾತು. ವಜೀರ ಈಗಾಗಲೇ ಮೂರು ಸುಳ್ಳು ಪತ್ರಗಳನ್ನು ಹಾಗೆ ಕಳಿಸಿದ್ದ. ಬೀಬಿ ಈಗ ಬಂದ ಚೀಟಿಯನ್ನು ಓದದೆ ಸುಡಿಸುತ್ತಿದ್ದರು. ಸುರಂಗದಲ್ಲಿ ನಡೆದುಹೋಗಿ ಕೂಗಿ ಹೇಳೋಣವೆಂದರೆ, ಕೋಟೆಯ ಗೋಡೆಯ ಕೆಳಗೆ ನೂರು ಮಾರು ದೂರ ನೀರು ಬರಿಯ ಮಣ್ಣಿನ ಕೊಳವೆಯಲ್ಲಿ ಹೋಗುತ್ತಿತ್ತು. ಅದರಲ್ಲಿ ಮನುಷ್ಯನೂ ತೂರಲಾರ, ಅವನ ದನಿಯೂ ತೂರಲಾರದು. ಉಳಿದ ದಾರಿ ಒಂದೇ. ಉಸ್ತಾದರ ಮನೆಯ ಅಂಗಳದ ಕೆಳಗೆ, ಓಣಿಗೂ ಕೋಟೆಗೂ ನಡುವೆ, ಮಣ್ಣು ಸಡಿಲವಾದ ಒಂದು ಜಾಗವಿತ್ತು. ಅಲ್ಲಿ ಸುರಂಗ ಕುಸಿಯದಂತೆ ಮುತ್ತಜ್ಜ ಸುಟ್ಟ ಮಣ್ಣಿನ ದೊಡ್ಡ ಬಳೆಗಳನ್ನು ಒಂದರ ಪಕ್ಕಕ್ಕೊಂದು ನಿಲ್ಲಿಸಿದ್ದ. ಅವನ್ನು ಒಡೆದರೆ ಕವಲು ಮುಚ್ಚಿಹೋಗುತ್ತದೆ. ವಿಷ ಆಚೆಗೇ ನಿಲ್ಲುತ್ತದೆ. ನೀರೂ ನಿಲ್ಲುತ್ತದೆ.

"ಒಡೆಯುವುದು ನನಗೆ ಬಿಡಿ ಉಸ್ತಾದರೇ," ಎಂದ ಹುಸೇನಪ್ಪ. "ನನ್ನ ತೋಳಿನಲ್ಲಿ ಇನ್ನೂ ಕಸುವಿದೆ."

"ಒಡೆದವನು ಮೇಲೆ ಬರುವುದಿಲ್ಲ, ಅದು ನಿನಗೂ ಗೊತ್ತು. ತಪ್ಪಿದ್ದು ನನ್ನ ಕಾಲು, ನಿನ್ನದಲ್ಲ." ಉಸ್ತಾದರು ಮುಂದುವರಿಸಿದರು, "ನೀರು ನಿಂತ ದಿನ ಬೀಬಿ ನನ್ನನ್ನು ದ್ರೋಹಿ ಎನ್ನುತ್ತಾರೆ, ಹುಸೇನಪ್ಪ. ಎನ್ನದೆ ಏನು ಮಾಡಿಯಾರು? ಎಂದಾದರೊಂದು ದಿನ ಅವರು ಹೊರಗೆ ಬಂದರೆ ಹೀಗಲ್ಲ ಹೀಗೆ ಎಂದು ಹೇಳಲು ಒಬ್ಬನಾದರೂ ಬದುಕಿರಬೇಕು. ನನಗೆ ಮಗನಿಲ್ಲ. ನೀನಿದ್ದೀಯ."

ಹುಸೇನಪ್ಪ ಅತ್ತ. ಐವತ್ತು ವರ್ಷದಲ್ಲಿ ಉಸ್ತಾದರು ಅವನು ಅತ್ತದ್ದನ್ನು ಕಂಡಿರಲಿಲ್ಲ, ಈಗಲೂ ನೋಡದವರಂತೆ ಬೇರೆ ಕಡೆ ಮುಖ ಮಾಡಿಕೊಂಡರು.

ಶುಕ್ರವಾರ ಮಧ್ಯಾಹ್ನ ಊರೆಲ್ಲ ಮಸೀದಿಗೆ ಹೋಗಿತ್ತು. ಸದ್ರುದ್ದೀನರು ಸ್ನಾನ ಮಾಡಿ, ಒಬ್ಬರೇ ನಮಾಜು ಮುಗಿಸಿ, ಅಂಗಳದ ಚಪ್ಪಡಿಯನ್ನು ಸರಿಸಿ ಕೆಳಗಿಳಿದರು. ರೂಢಿಯ ಪ್ರಕಾರ ಎರಡು ದೀಪ ಒಯ್ದಿದ್ದರು. ನೇರ ಅಗೆಯುವ ಕೆಲಸವೇನೂ ಇಲ್ಲವೆಂಬುದು ಕೆಳಗೆ ಹೋದ ಮೇಲೆ ಹೊಳೆದು, ಒಂದನ್ನು ಆರಿಸಿ ಗೂಡಿನಲ್ಲಿಟ್ಟರು. ಮೊಣಕಾಲುದ್ದದ ನೀರು ತಣ್ಣಗೆ ಕಾಲನ್ನು ಸವರಿಕೊಂಡು ಕೋಟೆಯ ಕಡೆ ಹೋಗುತ್ತಿತ್ತು. ಮೇಲ್ಗಡೆಯಿಂದ, ಓಣಿಯ ದಿಕ್ಕಿನಿಂದ, ಗುದ್ದಲಿಗಳ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಇನ್ನೊಂದು ಗೇಣು ಉಳಿದಿರಬೇಕು. ಮುತ್ತಜ್ಜನ ಮಣ್ಣಿನ ಬಳೆಗಳ ಮೇಲೆ ಆತನ ಹೆಬ್ಬೆರಳಿನ ಗುರುತು ಇನ್ನೂ ಹಾಗೇ ಇತ್ತು. ಅದರ ಮೇಲೆ ತಮ್ಮ ಹೆಬ್ಬೆರಳನ್ನು ಒಮ್ಮೆ ಇಟ್ಟು ನೋಡಿದರು. ಸರಿಹೊಂದಿತು. ಆಗ ಅವರಿಗೆ ತಡೆಯಲಾರದಷ್ಟು ದುಃಖವಾಯಿತು, ಸಾಯುವುದಕ್ಕಲ್ಲ, ಒಡೆಯುವುದಕ್ಕೆ. ಬಿಸ್ಮಿಲ್ಲಾ ಎಂದು ಗುದ್ದಲಿ ಎತ್ತಿದರು.

ಮೇಲೆ, ಅಂಗಳದ ನೆಲ ಒಂದಾಳುದ್ದ ಕುಸಿಯಿತು. ಜಗಲಿಯ ಮೇಲೆ ಕುಳಿತಿದ್ದ ಹುಸೇನಪ್ಪ ದೂಳು ಅಡಗುವವರೆಗೆ ಅಲ್ಲಿಯೇ ಇದ್ದ.

ಓಣಿಯಲ್ಲಿ ಅಗೆದವರಿಗೆ ಸಿಕ್ಕಿದ್ದು ಹರಿಯದೆ ನಿಂತ ನೀರು. ಪಾಷಾಣದ ಮೂಟೆಗಳು ಬಂದ ದಾರಿಯಲ್ಲೇ ಹಿಂದಕ್ಕೆ ಹೋದವು, ಗುಂಡಿಯನ್ನೂ ಓಣಿಯ ಕೆಳಗಿನ ಕವಲನ್ನೂ ಕಲ್ಲುಮಣ್ಣು ತುಂಬಿ ಮುಚ್ಚಿದರು. ವಜೀರ ಕೈಲಾಗದೆ ಕುಳಿತುಕೊಳ್ಳುವ ಪೈಕಿಯಲ್ಲ. ಉಸ್ತಾದ್ ಸದ್ರುದ್ದೀನರು ಹೊಸ ಸುಲ್ತಾನರಿಗೆ ನಿಷ್ಠೆ ತೋರಿಸಿ ಕೋಟೆಯ ನೀರನ್ನು ಕಟ್ಟಿದರೆಂದೂ, ಆ ಸೇವೆಯಲ್ಲಿಯೇ ಪ್ರಾಣಬಿಟ್ಟರೆಂದೂ ನಗಾರಿ ಬಾರಿಸಿ ಸಾರಿಸಿದ. ಕುಸಿದ ಅಂಗಳದ ಮೇಲೆ ಸತ್ತವರ ಗೌರವಕ್ಕೆಂದು ಖಿಲ್ಲತ್ತಿನ ಜರಿಯ ನಿಲುವಂಗಿಯನ್ನು ಹೊದಿಸಿದ. ಕೋಟೆಯ ಬುರುಜಿನಿಂದ ಅದು ಕಾಣಬೇಕೆಂಬುದೇ ಅವನ ಲೆಕ್ಕಾಚಾರ, ಮತ್ತು ಅದು ಕಂಡಿತು. ಒಳಗೆ ಹೆಂಗಸರು ಉಸ್ತಾದರ ಹೆಸರು ಹಿಡಿದು ಮಣ್ಣು ತೂರಿದರು. ಬೀಬಿ ಗುಲ್‌ರುಖ್ ಶಪಿಸಲಿಲ್ಲ. ಇನ್ನು ಮುಂದೆ ಆ ಹೆಸರನ್ನು ತನ್ನೆದುರು ಎತ್ತಬಾರದೆಂದು ಮಾತ್ರ ಹೇಳಿದರು.

ಹತ್ತನೆಯ ದಿನ ದಂಡು ಬರಲಿಲ್ಲ. ಹದಿನೈದನೆಯ ದಿನವೂ ಬರಲಿಲ್ಲ. ಅಣ್ಣ ನದಿಯ ಆಚೆ ದಡದಲ್ಲಿ ವಜೀರನ ರಾಯಭಾರಿಯೊಡನೆ ಕುಳಿತು ಎರಡು ಪರಗಣೆಗಳನ್ನು ಬರೆಸಿಕೊಂಡು ಹಿಂದಿರುಗಿದ್ದ. ಹೌದಿನ ತಳದ ಕೆಸರನ್ನು ಬಟ್ಟೆಯಲ್ಲಿ ಹಿಂಡಿ ಕುಡಿಯುವ ಹೊತ್ತು ಬಂತು. ಇಪ್ಪತ್ತೆರಡನೆಯ ದಿನ ಬೀಬಿ ಕೋಟೆಯ ಬಾಗಿಲು ತೆರೆಸಿದರು. ಎಲ್ಲರ ಜೀವ ಉಳಿಸಿ ಗಡಿಯಾಚೆ ಕಳಿಸುವುದೆಂದು ಒಪ್ಪಂದವಾಗಿತ್ತು. ಮುನ್ನೂರು ಜನರ ಸಾವನ್ನು ವಾಂತಿಭೇದಿಯ ಮೇಲೆ ಹಾಕಬಹುದಿತ್ತು, ಹಾಡುಹಗಲಲ್ಲಿ ಊರೆದುರು ಕತ್ತಿಗೆ ಕೊಡುವುದು ವಜೀರನಿಂದಲೂ ಆಗುತ್ತಿರಲಿಲ್ಲ. ಆದರೆ ಅವರನ್ನು ಪೇಟೆಯ ನಡುವೆ ಕಾಲ್ನಡಿಗೆಯಲ್ಲೇ ಸಾಗಿಸಬೇಕೆಂದು ಅಪ್ಪಣೆ ಮಾಡಿ, ತಾನು ಆನೆಯ ಮೇಲೆ ಕುಳಿತು ನೋಡಲು ಬಂದ.

ಬಳೆಗಾರರ ಓಣಿಯಲ್ಲಿ, ಮುಚ್ಚಿದ ಗುಂಡಿಯ ಹತ್ತಿರ, ಒಬ್ಬ ಮುದಿ ಒಡ್ಡ ಜೋಡನ್ನು ಕೈಯಲ್ಲಿ ಹಿಡಿದು ಬಿಸಿಲಿನಲ್ಲಿ ನಿಂತಿದ್ದ. ಬೀಬಿ ಹತ್ತಿರ ಬಂದಾಗ ಕಾವಲಿನವರು ತಳ್ಳುವ ಮೊದಲೇ ಮುಂದೆ ಬಂದು ತಲೆ ಬಾಗಿಸಿದ.

"ತಾಯೀ, ನಿಮ್ಮ ನೀರಿಗೆ ವಿಷ ಹಾಕಲು ಇಲ್ಲಿ ಅಗೆದರು. ಅಗೆದವನು ನಾನೇ. ವಿಷ ನಿಮಗೆ ತಲುಪಬಾರದೆಂದು ಉಸ್ತಾದರು ಒಳಗಿಳಿದು ಸುರಂಗವನ್ನು ತಮ್ಮ ಮೇಲೆ ಕೆಡವಿಕೊಂಡರು. ಇಲ್ಲಿಂದ ಆ ಬೇವಿನ ಮರದವರೆಗೆ ಕೆಳಗೆ ನೀರಿತ್ತು, ಅದಕ್ಕೇ ಅವರು ಇಲ್ಲಿ ಜೋಡು ಮೆಟ್ಟುತ್ತಿರಲಿಲ್ಲ. ನಿಮಗೆ ಹೇಳೆಂದು ನನ್ನನ್ನು ಉಳಿಸಿದ್ದಾರೆ."

ಕಾವಲಿನವನ ಕೋಲು ಹುಸೇನಪ್ಪನ ಬೆನ್ನ ಮೇಲೆ ಬಿತ್ತು. ಅವನು ಕದಲಲಿಲ್ಲ, ಹೇಳಬೇಕಾದ್ದನ್ನು ಹೇಳಿಯಾಗಿತ್ತು.

ಬೀಬಿ ಗುಲ್‌ರುಖ್ ನಿಂತರು. ಅವರ ಮುಖ ಪರದೆಯ ಹಿಂದಿತ್ತು. ಅಲ್ಲಿ ಏನು ನಡೆಯಿತೆಂದು ಯಾರಿಗೂ ಗೊತ್ತಾಗಲಿಲ್ಲ. ಇಪ್ಪತ್ತೆರಡು ದಿನ ಆ ಹೆಸರನ್ನು ತಮ್ಮೆದುರು ಎತ್ತಗೊಡದಿದ್ದವರು ಈಗ ಅದನ್ನು ಒಮ್ಮೆ, ಹತ್ತಿರದವರಿಗಷ್ಟೇ ಕೇಳುವಂತೆ, ತಾವೇ ಹೇಳಿದರು. ಆಮೇಲೆ ಬಗ್ಗಿ ಕಾಲಿನ ಜೋಡನ್ನು ಕಳಚಿ ಕೈಯಲ್ಲಿ ಹಿಡಿದು, ಕಾದ ಕಲ್ಲುಗಳ ಮೇಲೆ ಬರಿಗಾಲಲ್ಲಿ ನಡೆದರು. ಹಿಂದಿದ್ದ ಮುನ್ನೂರು ಜನರೂ ಒಬ್ಬೊಬ್ಬರಾಗಿ ಬಗ್ಗಿದರು. ವಜೀರ ಆನೆಯ ಮೇಲಿಂದ ಅದನ್ನು ನೋಡಿದ; ಆ ಬರಿಗಾಲಿನ ಅರ್ಥವನ್ನು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಶಮ್ಸಾಬಾದದ ಉಳಿದ ಸುರಂಗಗಳ ಇಳಿಜಾರು ಲೆಕ್ಕ ಹಾಕಿ ದುರಸ್ತಿ ಮಾಡಿಸಲು ತಿಳಿದವರು ಆಮೇಲೆ ಇರಲಿಲ್ಲ. ಏಳೆಂಟು ವರ್ಷಗಳಲ್ಲಿ ಕಾರಂಜಿಗಳು ಒಣಗಿದವು, ಜನ ಗುಳೆ ಎದ್ದರು, ವಜೀರನೂ ಅವನ ಸುಲ್ತಾನನೂ ನೀರಿದ್ದ ಕಡೆಗೆ ಹೊರಟುಹೋದರು. ಅದು ಆಮೇಲಿನ ಮಾತು. ಅಂದು ಬೀಬಿ ಬೇವಿನ ಮರದ ಬುಡದಲ್ಲಿ ಜೋಡು ಮೆಟ್ಟಿಕೊಂಡು, ಹಿಂದಿರುಗಿ ನೋಡದೆ, ಗಡಿಯ ದಾರಿ ಹಿಡಿದರು. ಅವರು ಬರಿಗಾಲಲ್ಲಿ ನಡೆದುಬಂದ ಆ ಇಪ್ಪತ್ತು ಹೆಜ್ಜೆಗಳ ಕೆಳಗೆ ಆಗ ನೀರಿರಲಿಲ್ಲ.